ರಾತ್ರಿ ಮನೆಯಲ್ಲಿ ಯಾರಿರುತ್ತಾರೆ? ಹೋಂಸ್ಟೇ, ಲಾಡ್ಜ್, ಲೈಸೆನ್ಸ್ ಬಗ್ಗೆ ಓದುಗರ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ಇ-ಖಾತೆ ಬಗ್ಗೆ ಬರೆಯುವಾಗ ಹೋಂಸ್ಟೇ ವಿಷಯ ಒಂದು ಸಾಲು ಬಂದಿತ್ತು. ಅದನ್ನು ಹಿಡಿದು ಬಂದ ಪತ್ರಗಳೇ ಈ ಸಲ ಜಾಸ್ತಿ. ನಾನು ಗ್ರಾಮ ಪಂಚಾಯಿತಿ ಕಾರ್ಯದರ್ಶಿಯಾಗಿ ಕೆಲಸಕ್ಕೆ ಸೇರಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಆಗಿ ನಿವೃತ್ತಳಾದವಳು. ಮಲೆನಾಡಿನ ಪಂಚಾಯಿತಿಗಳಲ್ಲೇ ನನ್ನ ಹೆಚ್ಚಿನ ಸೇವೆ ಕಳೆದದ್ದು. ಹಾಗಾಗಿ ಈ ವಿಷಯದಲ್ಲಿ ಕಾಗದದ ಮಾತಿನ ಜೊತೆ ಕಣ್ಣಾರೆ ಕಂಡದ್ದನ್ನೂ ಹೇಳುತ್ತೇನೆ.

ನಮ್ಮದು ಹಳೇ ತೊಟ್ಟಿ ಮನೆ. ಮಕ್ಕಳಿಬ್ಬರೂ ಬೆಂಗಳೂರಲ್ಲಿ. ನಾನು, ನಮ್ಮ ಯಜಮಾನರು ಇಬ್ಬರೇ. ಉಪ್ಪರಿಗೆಯ ಎರಡು ಕೋಣೆ ಖಾಲಿ ಇವೆ. ಪ್ರವಾಸಿಗರಿಗೆ ಕೊಟ್ಟು ಊಟ ಹಾಕಿದರೆ ಖರ್ಚಿಗಾಗುತ್ತದೆ ಅಂತ ಆಸೆ. ಆದರೆ ಅಕ್ಕಪಕ್ಕದವರು "ಎರಡು ಕೋಣೆಗೆ ಯಾಕೆ ಲೈಸೆನ್ಸು, ಸುಮ್ನೆ ಆ್ಯಪಲ್ಲಿ ಫೋಟೊ ಹಾಕಿ" ಅನ್ನುತ್ತಾರೆ. ಏನು ಮಾಡಲಿ ಮೇಡಂ?
– ಹೆಸರು ಬೇಡ ಎಂದವರು, ಕೊಪ್ಪ ತಾಲ್ಲೂಕು

ಅಮ್ಮ, ನಿಮ್ಮ ಪತ್ರ ಓದಿ ನನಗೆ ಖುಷಿಯಾಯಿತು. ಹೋಂಸ್ಟೇ ಯೋಜನೆ ಹುಟ್ಟಿದ್ದೇ ನಿಮ್ಮಂಥವರಿಗಾಗಿ. ಅಕ್ಕಪಕ್ಕದವರ ಮಾತು ಕೇಳಬೇಡಿ. ನೋಂದಣಿ ಮಾಡಿಸಿ.

ನಿಯಮ ಬಹಳ ಕಷ್ಟದ್ದೇನಲ್ಲ. ಮನೆ ನಿಮ್ಮದಾಗಿರಬೇಕು, ನೀವು ಅಥವಾ ನಿಮ್ಮ ಮನೆಯವರು ಅದೇ ಮನೆಯಲ್ಲಿ ವಾಸ ಇರಬೇಕು. ಇದು ಮೊದಲನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು ಕೂಡ. ಕರ್ನಾಟಕದಲ್ಲಿ ಹೋಂಸ್ಟೇ ಅಂದರೆ ಹೆಚ್ಚೆಂದರೆ 5 ಕೋಣೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಯೋಜನೆಯಲ್ಲಿ 6 ಕೋಣೆ, 12 ಹಾಸಿಗೆಯವರೆಗೆ ಇದೆ. ಅದರಲ್ಲೂ ಮಾಲೀಕರ ಕುಟುಂಬ ಅಲ್ಲೇ ಇರಬೇಕು. ಅದಕ್ಕಿಂತ ಹೆಚ್ಚು ಕೋಣೆ ಇದ್ದರೆ ಅದು ಲಾಡ್ಜೋ ರೆಸಾರ್ಟೋ ಆಗುತ್ತದೆ, ಅದರ ದಾರಿಯೇ ಬೇರೆ.

ಅರ್ಜಿ ಹೋಗುವುದು ಪ್ರವಾಸೋದ್ಯಮ ಇಲಾಖೆಗೆ. ನಿಮಗೆ ಚಿಕ್ಕಮಗಳೂರಿನ ಜಿಲ್ಲಾ ಕಚೇರಿ. ಹೋಗುವ ಮೊದಲು ಪಂಚಾಯಿತಿಯಲ್ಲಿ ನಿಮ್ಮ ಮನೆಯ ಖಾತೆ ನೋಡಿ. ಗ್ರಾಮಠಾಣಾದಲ್ಲಿದ್ದರೆ, ಅಂದರೆ ಊರಿನ ವಾಸದ ಜಾಗದಲ್ಲಿದ್ದರೆ, ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ಫಾರಂ 9 ಮತ್ತು 11ಎ ತೆಗೆಸಿಕೊಳ್ಳಿ. ತೋಟದ ಮಧ್ಯೆ ಮನೆ ಇದ್ದು ಪಹಣಿ ಜಮೀನಿನಲ್ಲೇ ಕಟ್ಟಿದ್ದರೆ ಆ ವಿಷಯ ಮುಚ್ಚಿಡಬೇಡಿ. ಹಳೆಯ ವಾಸದ ಮನೆ ಎಂದು ಪಂಚಾಯಿತಿ ಕಂದಾಯದ ರಶೀದಿ, ಕರೆಂಟ್ ಬಿಲ್ ತೋರಿಸಿ. ತೆರಿಗೆ ಬಾಕಿ ಇದ್ದರೆ ಕಟ್ಟಿಬಿಡಿ. ಎಷ್ಟೋ ಅರ್ಜಿ ನಮ್ಮಲ್ಲಿ ನಿಲ್ಲುತ್ತಿದ್ದದ್ದು ಇನ್ನೂರು, ಮುನ್ನೂರು ರೂಪಾಯಿ ಬಾಕಿಗೆ. ಪಂಚಾಯಿತಿಯ ಎನ್‌ಒಸಿ (ಆಕ್ಷೇಪವಿಲ್ಲ ಎಂಬ ಪತ್ರ), ಠಾಣೆಯಿಂದ ಪೊಲೀಸ್ ಪರಿಶೀಲನೆ, ಕೋಣೆ ಮತ್ತು ಬಚ್ಚಲಿನ ಫೋಟೊ, ನಿಮ್ಮ ಗುರುತಿನ ಚೀಟಿ ಇಷ್ಟು ಸಿದ್ಧವಾದರೆ ಅರ್ಜಿ ಹಾಕಬಹುದು. ಇಲಾಖೆಯವರು ಬಂದು ಮನೆ ನೋಡುತ್ತಾರೆ. ನೀವೇ ಅಡುಗೆ ಮಾಡಿ ಬಡಿಸುವುದರಿಂದ ಆಹಾರ ಸುರಕ್ಷತೆಯ ನೋಂದಣಿಯೂ ಬೇಕು. ಸಣ್ಣ ಪ್ರಮಾಣದವರಿಗೆ ಅದರ ಶುಲ್ಕ ವರ್ಷಕ್ಕೆ 100 ರೂಪಾಯಿ. ಏಜೆಂಟರ ಕೈಗೆ ಸಾವಿರಗಟ್ಟಲೆ ಕೊಡಬೇಡಿ.

ನೋಂದಣಿಯಿಂದ ಲಾಭವೂ ಇದೆ. ನೋಂದಾಯಿತ ಹೋಂಸ್ಟೇಯನ್ನು ಮನೆ ಎಂದೇ ನೋಡಬೇಕು, ಕರೆಂಟಿಗೂ ಕಂದಾಯಕ್ಕೂ ಮನೆ ದರವನ್ನೇ ಹಾಕಬೇಕು ಎಂಬುದು ರಾಜ್ಯದ ಪ್ರವಾಸೋದ್ಯಮ ನೀತಿಯಲ್ಲಿರುವ ಅನುಕೂಲ. ಪ್ರಮಾಣಪತ್ರ ಬಂದ ಮೇಲೆ ಅದರ ಒಂದು ಪ್ರತಿಯನ್ನು ಮೆಸ್ಕಾಂ ಕಚೇರಿಗೂ ಒಂದನ್ನು ಪಂಚಾಯಿತಿಗೂ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

ಇನ್ನು ಯಾವ ಫಾರಂನಲ್ಲೂ ಇಲ್ಲದ, ಆದರೆ ನಾನು ಮನೆ ನೋಡಲು ಹೋದಾಗ ಮೊದಲು ನೋಡುತ್ತಿದ್ದ ಜಾಗ ಬಚ್ಚಲು. ಹಂಡೆ ಒಲೆ ತೆಗೆದು ಗ್ಯಾಸ್ ಗೀಸರ್ ಹಾಕಿಸಿರುತ್ತಾರೆ. ಬಚ್ಚಲಿಗೆ ಒಂದು ಸಣ್ಣ ಕಿಟಕಿ, ಚಳಿ ಅಂತ ಅದಕ್ಕೂ ಗಾಜು. ಗ್ಯಾಸ್ ಉರಿಯುವಾಗ ಗಾಳಿ ಸಾಲದಿದ್ದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಒಳಗಿದ್ದವರು ಕೂಗುವ ಮೊದಲೇ ಕುಸಿಯುತ್ತಾರೆ. ಗ್ಯಾಸ್ ಗೀಸರ್ ಇದ್ದರೆ ಅದನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಗೋಡೆಗೆ ಹಾಕಿಸಿ. ಇಲ್ಲವಾದರೆ ಹಂಡೆ ಒಲೆಯೇ ಇರಲಿ, ಬಿಸಿನೀರು ತುಂಬಿಕೊಡಿ. ಉಪ್ಪರಿಗೆಯ ಮರದ ಮೆಟ್ಟಿಲಿಗೆ ಹಿಡಿಕೆ ಇದೆಯೇ, ರಾತ್ರಿ ದೀಪ ಇದೆಯೇ ನೋಡಿ. ಅಡುಗೆಮನೆಯ ಹತ್ತಿರ ಬೆಂಕಿ ಆರಿಸುವ ಸಿಲಿಂಡರ್ ಇಡಿ. ಅದನ್ನು ಬಳಸುವುದು ಹೇಗೆಂದು ಇಬ್ಬರೂ ಕಲಿಯಿರಿ.

ಒಂದು ದಪ್ಪ ನೋಟ್‌ಬುಕ್ ತೆಗೆದಿಡಿ. ಬಂದವರ ಎಲ್ಲರ ಹೆಸರು, ಊರು, ಫೋನ್, ಗಾಡಿ ನಂಬರ್, ಬಂದ ಮತ್ತು ಹೋದ ಸಮಯ ಬರೆಸಿ ಸಹಿ ಹಾಕಿಸಿ. ಗುಂಪಿನಲ್ಲಿ ಒಬ್ಬರದು ಮಾತ್ರ ಸಾಕು ಅನ್ನಬೇಡಿ. ಆಧಾರ್ ತೋರಿಸಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ಸಾಕು. ವಿದೇಶಿ ಪಾಸ್‌ಪೋರ್ಟಿನವರು ಬಂದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ವಿವರ ಕಳಿಸಬೇಕು. ಎಲ್ಲರೂ ಸಿ ಫಾರಂ ಅಂತ ಕರೆಯುವುದು ಅದನ್ನೇ. ದೊಡ್ಡ ಹೋಟೆಲಿನಷ್ಟೇ ಹೋಂಸ್ಟೇಗೂ ಇದು ಕಡ್ಡಾಯ. ನಿಮ್ಮ ಊರಿನವರದೇ ಮೊಮ್ಮಗ, ಮನೆಯಲ್ಲಿ ಚೆನ್ನಾಗಿ ಕನ್ನಡ ಮಾತಾಡುತ್ತಾನೆ, ಆದರೆ ಪಾಸ್‌ಪೋರ್ಟ್ ಅಮೆರಿಕದ್ದು ಅಂದರೆ ಆಗಲೂ ತುಂಬಿಸಬೇಕು. ನಿಮ್ಮ ಮಕ್ಕಳು ಒಮ್ಮೆ ಊರಿಗೆ ಬಂದಾಗ ಫೋನಿನಲ್ಲಿ ಲಾಗಿನ್ ಮಾಡಿಸಿಕೊಳ್ಳಿ.

ಊಟದ ವಿಷಯ ನಾನು ಹೇಳಬೇಕಾಗಿಲ್ಲ. ಕಡುಬು, ಅಕ್ಕಿ ರೊಟ್ಟಿ, ಮಳೆಗಾಲದಲ್ಲಿ ಪತ್ರೊಡೆ. ಪನ್ನೀರ್ ಮಾಡಲು ಹೋಗಬೇಡಿ.

ನಮ್ಮ ತೋಟದ ಪಕ್ಕದ ಎಸ್ಟೇಟನ್ನು ಮಾಲೀಕರು ಬೆಂಗಳೂರಿನ ಯಾರಿಗೋ ಲೀಸಿಗೆ ಕೊಟ್ಟಿದ್ದಾರೆ. ಗುಡ್ಡ ಕಡಿದು ಮಟ್ಟ ಮಾಡಿ ಟೆಂಟ್ ಹಾಕಿದ್ದಾರೆ. ಹಳೆಯ ರೈಟರ್ (ತೋಟದ ಗುಮಾಸ್ತರ) ಮನೆಗೆ ಹೋಂಸ್ಟೇ ಬೋರ್ಡ್. ಶನಿವಾರ ಬಂದರೆ ಡಿಜೆ, ಜೀಪುಗಳ ಓಡಾಟ, ಹೊಳೆಗೆ ಬಾಟಲಿ. ನಮ್ಮ ಅಪ್ಪನಿಗೆ 82 ವರ್ಷ, ನಿದ್ದೆ ಇಲ್ಲ. ಹೇಳಲು ಹೋದರೆ ನೋಡಿಕೊಳ್ಳುವ ಹುಡುಗ "ನನಗೆ ಗೊತ್ತಿಲ್ಲ, ಸಾರ್‌ಗೆ ಫೋನ್ ಮಾಡಿ" ಅನ್ನುತ್ತಾನೆ. ಸಾರ್ ಫೋನ್ ಎತ್ತುವುದಿಲ್ಲ. ಯಾರಿಗೆ ದೂರು ಕೊಡಬೇಕು?
– ಕಾಫಿ ಬೆಳೆಗಾರರು, ಮೂಡಿಗೆರೆ ತಾಲ್ಲೂಕು

ನೀವು ಬರೆದದ್ದು ಹೋಂಸ್ಟೇ ಅಲ್ಲ. ಬೋರ್ಡ್ ಹಾಕಿದ ಮಾತ್ರಕ್ಕೆ ಆಗುವುದಿಲ್ಲ. ಮಾಲೀಕರು ಅಲ್ಲಿ ವಾಸ ಇಲ್ಲ. ಲೀಸಿಗೆ ತೆಗೆದುಕೊಂಡವರೂ ವಾಸ ಇಲ್ಲ. ಹೋಂಸ್ಟೇ ನೋಂದಣಿ ಸಿಗುವುದು ಮನೆಯ ಕೋಣೆಗಳಿಗೆ. ಅದನ್ನು ತೋರಿಸಿ ಗುಡ್ಡದ ಮೇಲೆ ಟೆಂಟ್ ಊರುವ ಹಾಗಿಲ್ಲ.

ನಿಮ್ಮ ಪತ್ರದ "ಸಾರ್‌ಗೆ ಫೋನ್ ಮಾಡಿ" ಎಂಬ ಮಾತು ಓದಿ ನನಗೆ ಒಂದು ರಾತ್ರಿ ನೆನಪಾಯಿತು. ನಾನು ಕೆಲಸದಲ್ಲಿದ್ದ ಒಂದು ಪಂಚಾಯಿತಿಯಲ್ಲಿ ಇಂಥದ್ದೇ ಒಂದು ಜಾಗ ಇತ್ತು. ಅಲ್ಲಿಗೆ ಬಂದ ಹುಡುಗನೊಬ್ಬ ರಾತ್ರಿ ತೋಟದ ಕೃಷಿ ಹೊಂಡಕ್ಕೆ ಜಾರಿ ಬಿದ್ದ. ಪ್ಲಾಸ್ಟಿಕ್ ಹಾಸಿದ ಹೊಂಡ, ಹತ್ತಲು ಹಿಡಿತ ಸಿಗುವುದಿಲ್ಲ. ನೋಡಿಕೊಳ್ಳಲು ಇದ್ದವನು ಅಸ್ಸಾಂ ಕಡೆಯ ಇಪ್ಪತ್ತರ ಹುಡುಗ. ಅವನಿಗೆ ಆಸ್ಪತ್ರೆ ಎಲ್ಲಿದೆ ಗೊತ್ತಿಲ್ಲ, ಬಂದವರ ಹೆಸರೂ ಗೊತ್ತಿಲ್ಲ. ಪುಸ್ತಕ ಇಟ್ಟಿರಲಿಲ್ಲ. ಲೀಸಿನವರ ಫೋನ್ ಆಫ್. ಕೊನೆಗೆ ಹಗ್ಗ ತಂದು ಎತ್ತಿದವರು ಲೈನ್ ಮನೆಯ ಕೂಲಿಯವರು. ಹುಡುಗ ಉಳಿದ. ಆದರೆ ಅವನ ಮನೆಗೆ ಸುದ್ದಿ ಮುಟ್ಟಿಸಲು ನಮಗೆ ಬೆಳಗಿನವರೆಗೆ ಆಗಲಿಲ್ಲ. ಅಂದಿನಿಂದ ಯಾವ ಅರ್ಜಿ ಬಂದರೂ ನಾನು ಮೊದಲು ಕೇಳುತ್ತಿದ್ದದ್ದು ಒಂದೇ: ರಾತ್ರಿ ಮನೆಯಲ್ಲಿ ಯಾರಿರುತ್ತಾರೆ? ಮಾಲೀಕರು ವಾಸ ಇರಬೇಕು ಎಂಬ ನಿಯಮವನ್ನು ಸುಮ್ನೆ ಬರೆದಿಲ್ಲ. ಅದನ್ನು ಬಿಟ್ಟುಕೊಟ್ಟರೆ ಉಳಿದ ಕಾಗದಗಳಿಗೆ ಬೆಲೆ ಇಲ್ಲ ಎಂದು ನಾನು ಖಂಡಿತ ನಂಬಿದ್ದೇನೆ.

ಈಗ ದೂರಿನ ವಿಷಯ. ಡಿಜೆಗೆ 112ಕ್ಕೆ ಕರೆ ಮಾಡಿ. ಶಬ್ದ ಮಾಲಿನ್ಯದ ನಿಯಮ 2000ದಿಂದ ಜಾರಿಯಲ್ಲಿದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವಾಸದ ಜಾಗದಲ್ಲಿ ರಾತ್ರಿಯ ಮಿತಿ 45 ಡೆಸಿಬೆಲ್. ಅಂದರೆ ಮೆಲ್ಲಗೆ ಮಾತಾಡುವಷ್ಟು. ಪ್ರತಿ ಸಲ ಕರೆ ಮಾಡಿದಾಗ ಸಮಯ ಬರೆದಿಡಿ. ಡಿಜೆಯ ಸದ್ದು ನಿಮ್ಮ ಜಗುಲಿಗೆ ಕೇಳುವುದನ್ನು ಫೋನಿನಲ್ಲಿ ಹಿಡಿದಿಡಿ. ಆದರೆ ಅವರ ಜಾಗದೊಳಗೆ ಹೋಗಿ ಅತಿಥಿಗಳ, ಅದರಲ್ಲೂ ಹೆಣ್ಣುಮಕ್ಕಳ ವಿಡಿಯೊ ಮಾಡಬೇಡಿ. ಅದು ತಪ್ಪು, ನಿಮ್ಮ ದೂರೂ ಕೆಡುತ್ತದೆ.

ಗುಡ್ಡ ಕಡಿದದ್ದು ನನಗೆ ಡಿಜೆಗಿಂತ ಹೆಚ್ಚು ಚಿಂತೆಯ ವಿಷಯ. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ ಕಡೆ ಏನಾಯಿತು ನೋಡಿದ್ದೇವೆ. ಮಾರನೇ ವರ್ಷ ಅದೇ ತಿಂಗಳು ನಿಮ್ಮ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಬಂತು. ಎಲ್ಲ ಕುಸಿತಕ್ಕೂ ಜೆಸಿಬಿಯೇ ಕಾರಣ ಎಂದು ನಾನು ಹೇಳುವುದಿಲ್ಲ, ಅಂಥ ಮಳೆ ಬಂದಿತ್ತು. ಆದರೆ ಇಳಿಜಾರಿನ ಬುಡ ಕಡಿದು, ನೀರು ಹರಿಯುವ ದಾರಿ ಮುಚ್ಚಿ, ಮೇಲೆ ಭಾರ ಹೇರಿದರೆ ಮಣ್ಣು ಹಿಡಿತ ಬಿಡುತ್ತದೆ. ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಲು 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಜಿಲ್ಲಾಧಿಕಾರಿಯ ಅನುಮತಿ ಬೇಕು. ಆದ್ದರಿಂದ ತಹಶೀಲ್ದಾರರಿಗೆ ಬೇರೆಯೇ ದೂರು ಕೊಡಿ. ಸರ್ವೆ ನಂಬರ್ ಹಾಕಿ, ಕಡಿದ ಜಾಗದ ಫೋಟೊ ಸೇರಿಸಿ, "ಭೂಪರಿವರ್ತನೆ ಆಗಿದೆಯೇ, ಆಗಿಲ್ಲದಿದ್ದರೆ ಮಳೆಗಾಲಕ್ಕೆ ಮೊದಲು ಕೆಲಸ ನಿಲ್ಲಿಸಿ" ಎಂದು ಬರೆಯಿರಿ.

ಪಂಚಾಯಿತಿಗೆ, ಜಿಲ್ಲಾ ಪ್ರವಾಸೋದ್ಯಮ ಕಚೇರಿಗೆ ಒಂದೊಂದು ಪ್ರತಿ. ಎಲ್ಲದಕ್ಕೂ ಸ್ವೀಕೃತಿ ಸೀಲು. ಉತ್ತರ ಬರದಿದ್ದರೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಪ್ರಶ್ನೆ ಚಿಕ್ಕದಾಗಿರಲಿ: "ಈ ಸರ್ವೆ ನಂಬರಿನ ಜಾಗಕ್ಕೆ ಹೋಂಸ್ಟೇ ನೋಂದಣಿ, ಪಂಚಾಯಿತಿ ಎನ್‌ಒಸಿ ಕೊಟ್ಟಿದ್ದರೆ ಅದರ ಪ್ರತಿ ಕೊಡಿ." 30 ದಿನದಲ್ಲಿ ಉತ್ತರ ಕೊಡಬೇಕು. ಒಬ್ಬರೇ ಓಡಾಡಬೇಡಿ, ಪಕ್ಕದ ನಾಲ್ಕು ಮನೆಯವರ ಸಹಿ ಹಾಕಿಸಿ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು, ನಮ್ಮ ಪಂಚಾಯಿತಿಯ ನೋಂದಾಯಿತ ಹೋಂಸ್ಟೇಗಳ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕಿ ಎಂದು ಕೇಳಿ, ನಡಾವಳಿಯಲ್ಲಿ ಬರೆಸಿ. ಪಟ್ಟಿ ಹೊರಗೆ ಬಿದ್ದರೆ ಯಾರು ಅದರಲ್ಲಿಲ್ಲ ಎಂಬುದು ಊರಿಗೇ ಗೊತ್ತಾಗುತ್ತದೆ.

ಮಾಲೀಕರಿಗೂ ಒಮ್ಮೆ ನೇರವಾಗಿ ಪತ್ರ ಬರೆಯಿರಿ. ಲೀಸಿಗೆ ಕೊಟ್ಟೆವು, ನಮಗೇನು ಎಂದು ಹಲವರು ಅಂದುಕೊಂಡಿರುತ್ತಾರೆ. ಪಹಣಿಯಲ್ಲಿರುವುದು ಅವರ ಹೆಸರು. ನೋಟಿಸ್ ಬರುವುದೂ ಅವರಿಗೇ. ಆ ಅಸ್ಸಾಂ ಹುಡುಗನಂಥವರ ಮೇಲೆ ಮಾತ್ರ ಕೂಗಾಡಬೇಡಿ. ಅವರ ತಪ್ಪು ಏನೂ ಇರುವುದಿಲ್ಲ.

ಬೇಸಿಗೆ ರಜೆಗೆ ಮಕ್ಕಳನ್ನು ಕರೆದುಕೊಂಡು ಸಕಲೇಶಪುರಕ್ಕೆ ಹೋಗೋಣವೆಂದು ಇನ್‌ಸ್ಟಾಗ್ರಾಂನಲ್ಲಿ ಒಂದು ಹೋಂಸ್ಟೇ ನೋಡಿ ಮುಂಗಡ 6,000 ರೂಪಾಯಿ ಹಾಕಿದೆವು. ಹೋಗಿ ನೋಡಿದರೆ ಆ ಹೆಸರಿನ ಜಾಗವೇ ಇಲ್ಲ. ಹಣ ವಾಪಸ್ ಬರುತ್ತದೆಯೇ? ಅಸಲಿ ಯಾವುದು ಅಂತ ತಿಳಿಯುವುದು ಹೇಗೆ?
– ಶಾಲಾ ಶಿಕ್ಷಕಿ, ಹುಬ್ಬಳ್ಳಿ

ಮೋಸ ಎಂದು ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಬೇಕು. ಅದು ಸೈಬರ್ ವಂಚನೆಯ ಸಹಾಯವಾಣಿ. ಹಣ ಇನ್ನೂ ಆ ಖಾತೆಯಲ್ಲಿದ್ದರೆ ತಡೆಹಿಡಿಯಲು ಆಗುತ್ತದೆ. ತಡವಾದಷ್ಟೂ ಅದು ಬೇರೆ ಖಾತೆಗಳಿಗೆ ಹರಿದು ಹೋಗಿರುತ್ತದೆ. ತಡವಾಗಿದ್ದರೂ ದೂರು ಕೊಡಿ ತಂಗಿ, ಅದೇ ನಂಬರಿನಿಂದ ಇನ್ನೊಬ್ಬರು ಮೋಸ ಹೋಗುವುದು ತಪ್ಪುತ್ತದೆ. ಸೈಬರ್ ಪೋರ್ಟಲ್‌ನಲ್ಲಿ ವಹಿವಾಟಿನ ಸಂಖ್ಯೆ, ಮೆಸೇಜಿನ ಸ್ಕ್ರೀನ್‌ಶಾಟ್ ಎಲ್ಲ ಹಾಕಿ.

ಜಾಗ ಇದೆ, ಆದರೆ ತೋರಿಸಿದ ಹಾಗಿಲ್ಲ, ಊಟ ಇಲ್ಲ, ನೀರಿಲ್ಲ ಎಂಬ ದೂರಾದರೆ ಅದು ಗ್ರಾಹಕರ ಮೊಕದ್ದಮೆ. ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ನೀವು ಹುಬ್ಬಳ್ಳಿಯಲ್ಲಿ ವಾಸ ಇರುವುದರಿಂದ ಧಾರವಾಡ ಜಿಲ್ಲೆಯಲ್ಲೇ ದೂರು ಹಾಕಬಹುದು, ಹಾಸನಕ್ಕೆ ಅಲೆಯಬೇಕಾಗಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಕೊಟ್ಟ ಒಳ್ಳೆಯ ಅನುಕೂಲ ಇದು.

ಮುಂದಿನ ಸಲ ಹಣ ಹಾಕುವ ಮೊದಲು ಪ್ರವಾಸೋದ್ಯಮ ಇಲಾಖೆಯ ನೋಂದಣಿ ಸಂಖ್ಯೆ ಕೇಳಿ, ಪ್ರಮಾಣಪತ್ರದ ಫೋಟೊ ಕಳಿಸಲು ಹೇಳಿ. ಆ ಜಿಲ್ಲೆಯ ಪ್ರವಾಸೋದ್ಯಮ ಕಚೇರಿಗೆ ಫೋನ್ ಮಾಡಿ ತಾಳೆ ನೋಡಿ. ಆಮೇಲೆ ಮನೆಯವರ ಜೊತೆ ಐದು ನಿಮಿಷ ಮಾತಾಡಿ. ಅಡುಗೆ ಯಾರು ಮಾಡುತ್ತಾರೆ, ಹತ್ತಿರದ ಆಸ್ಪತ್ರೆ ಯಾವುದು, ರಾತ್ರಿ ನೀವು ಅಲ್ಲೇ ಇರುತ್ತೀರಾ ಎಂದು ಕೇಳಿ. ಮನೆಯವರಾದರೆ ಮಾತು ಮುಗಿಸುವುದೇ ಇಲ್ಲ. ದಾರಿಯಲ್ಲಿ ಎಲ್ಲಿ ಎಡಕ್ಕೆ ತಿರುಗಬೇಕು ಎಂಬುದರಿಂದ ಹಿಡಿದು ಎಲ್ಲ ಹೇಳುತ್ತಾರೆ. "ಕೋಣೆ ಇನ್ನೊಂದೇ ಉಳಿದಿದೆ, ಈಗಲೇ ಹಣ ಹಾಕಿ" ಎಂದು ಅವಸರ ಮಾಡುವವರನ್ನು ಬಿಟ್ಟುಬಿಡಿ.

ನಾನು ನ್ಯೂಯಾರ್ಕ್‌ನಲ್ಲಿ ಕೆಲಸದಲ್ಲಿದ್ದೇನೆ. ಬೆಂಗಳೂರಿನ ನಮ್ಮ ಫ್ಲ್ಯಾಟನ್ನು ದಿನ ಬಾಡಿಗೆಗೆ ಆ್ಯಪ್ ಮೂಲಕ ಕೊಡುತ್ತಿದ್ದೆವು. ಅಪಾರ್ಟ್‌ಮೆಂಟ್ ಸಂಘದವರು ಈಗ ಗೇಟಿನಲ್ಲೇ ತಡೆಯುತ್ತಿದ್ದಾರೆ. ನನ್ನ ಮನೆ, ನನ್ನ ಇಷ್ಟ ಅಲ್ವಾ?
– ಓದುಗರು, ನ್ಯೂಯಾರ್ಕ್

ಪೂರ್ತಿ ಅಲ್ಲ. ನೀವಿರುವ ಊರಿನಲ್ಲೇ 2023ರ ಸೆಪ್ಟೆಂಬರಿನಿಂದ ಈ ನಿಯಮ ಬಿಗಿಯಾಗಿದೆ. 30 ದಿನಕ್ಕಿಂತ ಕಡಿಮೆ ಬಾಡಿಗೆಗೆ ಕೊಡಬೇಕಾದರೆ ನಗರದಲ್ಲಿ ನೋಂದಣಿ ಮಾಡಿಸಬೇಕು, ಮನೆಯವರು ಅಲ್ಲೇ ಇರಬೇಕು, ಅತಿಥಿಗಳು ಇಬ್ಬರನ್ನು ಮೀರಬಾರದು. ಕೊಪ್ಪದ ಅಮ್ಮನಿಗೆ ನಾನು ಹೇಳಿದ್ದೂ ಅದೇ ಅಲ್ವಾ, ಮನೆಯವರು ಮನೆಯಲ್ಲಿರಬೇಕು.

ಬೆಂಗಳೂರಿನ ನಿಮ್ಮ ಫ್ಲ್ಯಾಟಿನಲ್ಲಿ ನೀವಿಲ್ಲ, ಆದ್ದರಿಂದ ಅದು ಹೋಂಸ್ಟೇ ಆಗುವುದಿಲ್ಲ. ಫ್ಲ್ಯಾಟ್ ಕೊಂಡಾಗ ಸಹಿ ಹಾಕಿದ ಡೀಡ್ ಮತ್ತು ಸಂಘದ ಬೈಲಾ ತೆಗೆದು ನೋಡಿ. ವಾಸಕ್ಕೆ ಮಾತ್ರ ಎಂದು ಇದ್ದರೆ ದಿನ ಬಾಡಿಗೆಯ ವ್ಯವಹಾರಕ್ಕೆ ಸಂಘ ತಕರಾರು ತೆಗೆಯಲು ಕಾರಣ ಇದೆ. ಹಾಗೆಂದು ಅತಿಥಿಗಳನ್ನು ಗೇಟಿನಲ್ಲಿ ನಿಲ್ಲಿಸಿ ಅವಮಾನ ಮಾಡುವ ಹಕ್ಕು ಅವರಿಗೂ ಇಲ್ಲ. ಬರಹದಲ್ಲಿ ನೋಟಿಸ್ ಕೊಡಲಿ. ನನ್ನ ಸಲಹೆ ಕೇಳುವುದಾದರೆ ಒಂದು ಕುಟುಂಬಕ್ಕೆ 11 ತಿಂಗಳ ಕರಾರಿಗೆ ಕೊಡಿ. ಮನೆ ಸಿಗದೆ ಅಲೆಯುವವರು ಬೆಂಗಳೂರಿನಲ್ಲಿ ಬೇಕಾದಷ್ಟಿದ್ದಾರೆ. ಲಿಫ್ಟಿನಲ್ಲಿ ದಿನಕ್ಕೊಂದು ಹೊಸ ಮುಖ ನೋಡುವ ಪಕ್ಕದ ಮನೆಯ ಅಜ್ಜಿಯ ಭಯವನ್ನೂ ಸ್ವಲ್ಪ ಯೋಚಿಸಿ.

ನಮ್ಮಪ್ಪ ವಿರೂಪಾಪುರ ಗಡ್ಡೆಯ ಒಂದು ರೆಸಾರ್ಟಿನಲ್ಲಿ ಅಡುಗೆ ಕೆಲಸದಲ್ಲಿದ್ದರು. 2020ರಲ್ಲಿ ಎಲ್ಲ ಒಡೆದು ಹಾಕಿದರು. ಅಪ್ಪನ ಕೆಲಸ ಹೋಯಿತು, ನನ್ನ ಡಿಗ್ರಿ ಅರ್ಧಕ್ಕೆ ನಿಂತಿತು. ನಿಯಮ ನಿಯಮ ಅಂತೀರಿ, ನಿಯಮದ ಏಟು ಬೀಳುವುದು ನಮ್ಮಂಥವರಿಗೇ ಅಲ್ವಾ?
– ಯುವಕ, ಗಂಗಾವತಿ ತಾಲ್ಲೂಕು

ನಿನ್ನ ಪತ್ರಕ್ಕೆ ಉತ್ತರ ಬರೆಯಲು ನನಗೆ ಬಹಳ ಕಷ್ಟವಾಯಿತಪ್ಪ. ನೀನು ಹೇಳಿದ್ದು ನಿಜ. ಏಟು ನಿಮಗೇ ಬಿತ್ತು.

ಓದುಗರಿಗೆ ವಿಷಯ ತಿಳಿಯಲೆಂದು ಎರಡು ಮಾತು ಹೇಳುತ್ತೇನೆ. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 1999ರಲ್ಲಿ ಅದನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿದರು, 2006ರಲ್ಲಿ ತೆಗೆದರು. ತುಂಗಭದ್ರೆಯ ಆಚೆ ದಡದ ವಿರೂಪಾಪುರ ಗಡ್ಡೆಯೂ ರಕ್ಷಿತ ಪ್ರದೇಶದೊಳಗೇ ಬರುತ್ತದೆ. ಅಲ್ಲಿ ಗುಡಿಸಲಿನ ಹಾಗೆ ಶುರುವಾದದ್ದು ವರ್ಷ ವರ್ಷ ಬೆಳೆದು ಸಾಲು ರೆಸಾರ್ಟ್‌ಗಳಾದವು. ವಿದೇಶದಿಂದ ಬಂದವರು ತಿಂಗಳುಗಟ್ಟಲೆ ಇರುತ್ತಿದ್ದರು. ಹಂಪಿ ಪ್ರಾಧಿಕಾರದ ನೋಟಿಸು, ಹೈಕೋರ್ಟು ಎಲ್ಲ ಆಗಿ ಕೊನೆಗೆ 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಈ ಕಟ್ಟಡಗಳು ಅಕ್ರಮ ಎಂದು ಹೇಳಿತು. ಮಾರ್ಚ್ ಮೊದಲ ವಾರ ಜೆಸಿಬಿ ಬಂತು. ಅದೇ ತಿಂಗಳ ಕೊನೆಗೆ ಲಾಕ್‌ಡೌನ್. ನಿಮ್ಮ ಮನೆಗೆ ಆ ವರ್ಷ ಹೇಗಿತ್ತು ಎಂದು ಊಹಿಸಬಲ್ಲೆ.

ಕೋರ್ಟು ಹೇಳಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಆ ಬಂಡೆಗಳು, ಆ ಹೊಳೆ, ಆ ಮಂಟಪಗಳು ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ. ಆದರೆ ನನ್ನ ಸಿಟ್ಟು ಬೇರೆ ಕಡೆಗಿದೆ. ಮೊದಲ ಕಟ್ಟಡ ಏಳುವಾಗಲೇ ಯಾರಾದರೂ ಹೋಗಿ "ಇಲ್ಲಿ ಆಗುವುದಿಲ್ಲ" ಎಂದು ಗಟ್ಟಿಯಾಗಿ ಹೇಳಿದ್ದರೆ? ಕಟ್ಟಡ ಎದ್ದಿತು, ಕರೆಂಟ್ ಬಂತು, ದುಡಿಯುವವರು ಸೇರಿದರು, ಮಕ್ಕಳು ಅದೇ ದುಡ್ಡಿನಲ್ಲಿ ಓದಿದರು. ಇಷ್ಟೆಲ್ಲ ಬೆಳೆದ ಮೇಲೆ ಕಾನೂನು ಬಂದರೆ ಅದು ಬೀಳುವುದು ಅಡುಗೆಯವರ ಮೇಲೆ, ದೋಣಿಯವರ ಮೇಲೆ, ನಿನ್ನ ಓದಿನ ಮೇಲೆ. ಹಣ ಹಾಕಿದವರು ಇನ್ನೊಂದು ಊರಿಗೆ ಹೋಗಿ ಇನ್ನೊಂದು ಕಟ್ಟುತ್ತಾರೆ. ನಿಯಮ ಬೇಡ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಿಯಮ ಮೊದಲ ದಿನವೇ ಬರಬೇಕು. ತಡಮಾಡಿದ ಇಲಾಖೆಗಳು ಕೆಲಸ ಕಳೆದುಕೊಂಡವರಿಗೆ ಬೇರೆ ದಾರಿ ತೋರಿಸಬೇಕು. ಒಡೆಯುವ ಆದೇಶದ ಜೊತೆಗೇ ದುಡಿಯುವವರ ಪಟ್ಟಿಯೂ ತಯಾರಾಗಬೇಕು.

ನಿಮ್ಮ ಕಡೆ ಈಗ ಸಣಾಪುರದ ಸುತ್ತ ಜಾಗ್ರತೆ ಬೇಕು. 2025ರ ಮಾರ್ಚ್‌ನಲ್ಲಿ ಸಣಾಪುರ ಕೆರೆಯ ಹತ್ತಿರ ರಾತ್ರಿ ಪ್ರವಾಸಿಗರ ಮೇಲೆ ನಡೆದ ದಾಳಿ, ಇಬ್ಬರು ಹೆಣ್ಣುಮಕ್ಕಳ ಮೇಲಿನ ಅತ್ಯಾಚಾರ, ಒಬ್ಬ ಯುವಕನ ಸಾವು ಎಲ್ಲರಿಗೂ ಗೊತ್ತು. ಅದು ಹೋಂಸ್ಟೇ ಒಳಗೆ ನಡೆದದ್ದಲ್ಲ, ಆ ದುಷ್ಟರ ಅಪರಾಧಕ್ಕೆ ಹೋಂಸ್ಟೇ ನಡೆಸುವವರು ಹೊಣೆಯಲ್ಲ. ಅತಿಥಿಗಳ ಜೊತೆಗಿದ್ದ, ಹೋಂಸ್ಟೇ ನಡೆಸುತ್ತಿದ್ದ ಹೆಣ್ಣುಮಗಳೂ ಅಂದು ಹಿಂಸೆಗೆ ಒಳಗಾದಳು. ಆದರೆ ಆಮೇಲೆ ಎಲ್ಲರ ಕಣ್ಣು ಆ ಭಾಗದ ಹೋಂಸ್ಟೇಗಳ ಮೇಲೆ ಬಿದ್ದಿದೆ. ನಿಮ್ಮಪ್ಪನಿಗೆ ಮತ್ತೆ ಎಲ್ಲಾದರೂ ಕೆಲಸ ಸಿಕ್ಕರೆ, ಸೇರುವ ಮೊದಲು ಆ ಜಾಗಕ್ಕೆ ಪ್ರಾಧಿಕಾರದ ಅನುಮತಿ ಇದೆಯೇ ಎಂದು ಕೇಳಲಿ. ಪಂಚಾಯಿತಿಯ ಕಾಗದವೊಂದೇ ಅಲ್ಲಿ ಸಾಲದು. ಅರ್ಧಕ್ಕೆ ನಿಂತ ಡಿಗ್ರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ವಿಚಾರಿಸು. ದುಡಿಯುತ್ತಲೇ ಓದಬಹುದು.

ಊರಲ್ಲಿ ನಮ್ಮದು 14 ಕೋಣೆಯ ಸಣ್ಣ ಲಾಡ್ಜ್. ಟ್ರೇಡ್ ಲೈಸೆನ್ಸು, ಕಮರ್ಷಿಯಲ್ ಕರೆಂಟು, ಜಿಎಸ್‌ಟಿ ಎಲ್ಲ ಕಟ್ಟುತ್ತೇವೆ. ಹಿಂದಿನ ಬೀದಿಯಲ್ಲಿ 12 ಕೋಣೆ ಕಟ್ಟಿ ಹೋಂಸ್ಟೇ ಅನ್ನುವವರು ಏನೂ ಕಟ್ಟುವುದಿಲ್ಲ. ಇದು ನ್ಯಾಯವೇ?
– ಲಾಡ್ಜ್ ಮಾಲೀಕರು, ಗೋಕರ್ಣ

ನ್ಯಾಯವಲ್ಲ. 12 ಕೋಣೆ ಹೋಂಸ್ಟೇ ಆಗುವುದೇ ಇಲ್ಲ. ಪಂಚಾಯಿತಿಗೆ ಬರೆದು ಕೊಡಿ, ಕಟ್ಟಡದ ಪರವಾನಗಿ ವಾಸಕ್ಕೆ ಇದೆಯೋ ವ್ಯಾಪಾರಕ್ಕೆ ಇದೆಯೋ ನೋಡಲು ಹೇಳಿ.

ಜಿಎಸ್‌ಟಿ ಬಗ್ಗೆ ಮಾತ್ರ ಒಂದು ತಿದ್ದುಪಡಿ. ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಬೇಕು. ದಾಟದವರು ಕಟ್ಟದಿದ್ದರೆ ತಪ್ಪಲ್ಲ. ಅಂಥ ಸಣ್ಣವರು ಆ್ಯಪ್ ಮೂಲಕ ಕೋಣೆ ಕೊಟ್ಟರೆ ಆ ತೆರಿಗೆಯನ್ನು ಆ್ಯಪ್ ಕಂಪನಿಯೇ ಕಟ್ಟಬೇಕು. ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ದರ 12ರ ಬದಲು ಶೇ 5. ನಿಮ್ಮ ಬಿಲ್ಲಿನಲ್ಲಿ ಬದಲಾಗಿದೆಯೇ ನೋಡಿಕೊಳ್ಳಿ.

ಆ್ಯಪ್‌ಗಳ ಬಗ್ಗೆ ನನ್ನದೊಂದು ಬೇಡಿಕೆ ಇದೆ. ನೋಂದಣಿ ಸಂಖ್ಯೆ ಇಲ್ಲದ ಮನೆಯನ್ನು ಅವು ತೋರಿಸಲೇಬಾರದು. ಯುರೋಪ್ ಒಕ್ಕೂಟ 2024ರಲ್ಲಿ ಇಂಥದ್ದೊಂದು ನಿಯಮ ಮಾಡಿದೆ. ನೋಂದಣಿ ಪದ್ಧತಿ ಇರುವ ಕಡೆ ಆ ಸಂಖ್ಯೆಯನ್ನು ಜಾಹೀರಾತಿನ ಜೊತೆ ತೋರಿಸಬೇಕು. ನಮ್ಮಲ್ಲೂ ಹೀಗೆ ಮಾಡಿದರೆ ಪಿಡಿಒ ಒಬ್ಬರೇ ಬೀದಿ ಬೀದಿ ಸುತ್ತಿ ಬೋರ್ಡ್ ಎಣಿಸುವುದು ತಪ್ಪುತ್ತದೆ. ಜೊತೆಗೆ ಎರಡು ಕೋಣೆಯ ಮನೆಯವರಿಗೆ ಒಂದೇ ಕಿಟಕಿಯಲ್ಲಿ, ಒಂದೇ ಅರ್ಜಿಯಲ್ಲಿ ಎಲ್ಲ ಮುಗಿಯಬೇಕು. ಈಗ ಸಣ್ಣವರು ನಾಲ್ಕು ಕಚೇರಿ ಅಲೆದು ಸುಸ್ತಾಗಿ ಬಿಟ್ಟುಬಿಡುತ್ತಾರೆ.

ಹೋಂಸ್ಟೇಯಲ್ಲಿ ಅತಿಥಿಗಳಿಗೆ ಮದ್ಯ ಕೊಡಬಹುದೇ?
– ಸೋಮವಾರಪೇಟೆ

ಅಬಕಾರಿ ಲೈಸೆನ್ಸ್ ಇಲ್ಲದೆ ಮಾರುವುದು ಅಪರಾಧ. "ಊಟದ ಜೊತೆ ಉಚಿತ" ಎಂದು ಬಿಲ್ಲಿನಲ್ಲಿ ಸೇರಿಸುವುದೂ ಮಾರಿದ ಹಾಗೇ. ಬೇಡ.

ನಾವು ನೋಂದಣಿ ಮಾಡಿಸಿದ್ದೇವೆ. ಈಗ ಸಣ್ಣದೊಂದು ಈಜುಕೊಳ ಕಟ್ಟಿಸಿದರೆ ಜನ ಜಾಸ್ತಿ ಬರುತ್ತಾರೆ ಎನ್ನುತ್ತಾರೆ. ಅದಕ್ಕೆ ಬೇರೆ ಅನುಮತಿ ಬೇಕೇ?
– ಗೃಹಿಣಿ, ಉಡುಪಿ ಜಿಲ್ಲೆ

2024ರ ನವೆಂಬರ್‌ನಲ್ಲಿ ಮಂಗಳೂರಿನ ಉಚ್ಚಿಲದ ಹತ್ತಿರ ಒಂದು ರೆಸಾರ್ಟಿನ ಈಜುಕೊಳದಲ್ಲಿ ಮೈಸೂರಿನ ಮೂವರು ವಿದ್ಯಾರ್ಥಿನಿಯರು ಮುಳುಗಿ ತೀರಿಕೊಂಡರು. ಒಬ್ಬಳು ಆಳಕ್ಕೆ ಹೋದಳು, ಎಳೆಯಲು ಹೋದ ಇಬ್ಬರೂ ಹೋದರು. ಕಾಯುವವರು ಯಾರೂ ಇರಲಿಲ್ಲ, ಆಳ ಎಷ್ಟೆಂದು ಬರೆದಿರಲಿಲ್ಲ.

ಹೊಸ ಕಟ್ಟಡಕ್ಕೆ ಬೇಕಾದ ಹಾಗೆ ಕೊಳಕ್ಕೂ ಪಂಚಾಯಿತಿಯ ಅನುಮತಿ ಬೇಕು. ಅದಕ್ಕಿಂತ ಮೊದಲು ಇಷ್ಟು ಯೋಚಿಸಿ. ಕೊಳ ತೆರೆದಿರುವಷ್ಟು ಹೊತ್ತೂ ಈಜು ಬಲ್ಲ ಒಬ್ಬರು ದಡದಲ್ಲೇ ನಿಂತಿರಬೇಕು. ಆಳವನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ದೊಡ್ಡ ಅಕ್ಷರದಲ್ಲಿ ಬರೆಸಬೇಕು. ಸುತ್ತ ಬೇಲಿ, ಬೀಗ ಹಾಕುವ ಗೇಟು, ಟ್ಯೂಬು, ಹಗ್ಗ ಬೇಕು. ಸಂಜೆ ಕತ್ತಲಾದ ಕೂಡಲೇ ಬೀಗ. ಆ ಒಬ್ಬರ ಸಂಬಳ ಕೊಡಲು ನಿಮ್ಮ ವ್ಯಾಪಾರಕ್ಕೆ ಶಕ್ತಿ ಇಲ್ಲದಿದ್ದರೆ ಕೊಳ ಕಟ್ಟಿಸಬೇಡಿ. ಆ ದುಡ್ಡಿನಲ್ಲಿ ಬಚ್ಚಲು ಸರಿ ಮಾಡಿಸಿ, ಅಂಗಳಕ್ಕೆ ದೀಪ ಹಾಕಿಸಿ.

(ಮುಂದಿನ ಸಂಚಿಕೆಗೆ: ತೋಟದ ಲೈನ್ ಮನೆಗಳಲ್ಲಿರುವವರಿಗೆ ನಿವೇಶನ ಮತ್ತು ಪಡಿತರ ಚೀಟಿ. ಪತ್ರದ ಜೊತೆ ನಿಮ್ಮ ತಾಲ್ಲೂಕಿನ ಹೆಸರು ತಪ್ಪದೆ ಬರೆಯಿರಿ. ಹೆಸರು ಪ್ರಕಟಿಸುವುದು ಬೇಡವೆಂದರೆ ಹಾಗೆ ತಿಳಿಸಿ.)